ಕಡೆಯ ಸೋಮವಾರದ ಸಿಹಿನೀರು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಪಕ್ಕದ ಮಂಚದ ಮೇಲಿದ್ದ ನಮ್ಮ ವೈನಿ ನನ್ನ ಕಡೆ ತಿರುಗಿ, "ಒಲಿ ಮ್ಯಾಲ ಹಾಲ ಉಕ್ಕಾಕತ್ತೈತಿ, ಇಳಸವಾ" ಅಂದಳು.

ಅಲ್ಲಿ ಒಲೆ ಇರಲಿಲ್ಲ, ಹಾಲೂ ಇರಲಿಲ್ಲ. ನಾವಿದ್ದದ್ದು ಗೋವಾದಲ್ಲಿ, ಸಾಂಖಳಿ ದಾಟಿದ ಮೇಲೆ ಸಿಗುವ ಒಂದು ಔಷಧ ಸಂಶೋಧನಾ ಕೇಂದ್ರದ ಹೆಂಗಸರ ಕೋಣೆಯಲ್ಲಿ. ಎದುರಿನ ಗೋಡೆಯಲ್ಲೇ ಗಡಿಯಾರವಿದ್ದುದರಿಂದ ಹೊತ್ತು ನೆನಪಿದೆ. ಎ.ಸಿ.ಯ ಚಳಿಗೆ ನಾನು ಹೊದಿಕೆ ಹೊದ್ದು ಕುಳಿತಿದ್ದೆ. ಅವಳ ಹಣೆಯ ಕುಂಕುಮ ಮಾತ್ರ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಗೌಂಡಿ ಕೆಲಸದವನು. ಮೂವರೂ ಚಿಂಬಲ್‌ನಲ್ಲಿ ಒಂದೇ ಕೋಣೆಯಲ್ಲಿ ನಡುವೆ ಪರದೆ ಕಟ್ಟಿಕೊಂಡು ಇರುತ್ತೇವೆ. ನಾನು ಬಿ.ಎಸ್ಸಿ. ಮುಗಿಸಿ ಪಣಜಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೊಸದಾಗಿ ತಯಾರಿಸಿದ ಸಕ್ಕರೆ ಕಾಯಿಲೆಯ ಗುಳಿಗೆಯೊಂದು ಹಳೆಯದರಂತೆಯೇ ಕೆಲಸ ಮಾಡುತ್ತದೆಯೇ ಎಂದು ನೋಡಲು ಆರೋಗ್ಯವಂತರು ಬೇಕಾಗಿದ್ದರು. ವೈನಿಯ ತಾಯಿ ಅದೇ ಕಾಯಿಲೆಯಲ್ಲಿ ಮೊದಲು ಕಾಲು, ಆಮೇಲೆ ಜೀವ ಕಳೆದುಕೊಂಡವಳು. "ನಮ್ಮವ್ವಗ ಆಗದಿದ್ದ ಉಪಕಾರ ಯಾರಿಗರೆ ಆಗಲಿ" ಎಂದು ಮೊದಲು ಹೊರಟವಳು ಅವಳೇ. ದುಡ್ಡೂ ಕೊಡುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ದುಡ್ಡು ತೆಗೆದುಕೊಂಡವಳಿಗೆ ಒಳ್ಳೆಯ ಮನಸ್ಸು ಇರಬಾರದು ಎಂದು ಯಾರು ಹೇಳಿದರು? ಡಾಕ್ಟರರಿಗೂ ಸಂಬಳ ಬರುತ್ತದೆ.

ಎಂಟು ಗಂಟೆಗೆ ಗುಳಿಗೆ ನುಂಗಿಸಿ, ಬಾಯಿ ತೆರೆಸಿ ನೋಡಿದರು. ಆಮೇಲೆ ಕಾಲು ಗಂಟೆಗೊಮ್ಮೆ ಒಂದೊಂದು ಲೋಟ ಸಿಹಿನೀರು. ಅದು ಯಾಕೆಂದು ಯಾರೂ ಬಿಡಿಸಿ ಹೇಳಲಿಲ್ಲ. ಕುಡಿಯಬೇಕು ಎಂದರು, ಅಷ್ಟೇ. ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದ ನರ್ಸಬಾಯಿ ಆ ಕಡೆಯ ಸಾಲಿನಲ್ಲಿದ್ದಳು. ನಮ್ಮ ಸರದಿ ಇನ್ನೂ ಬಂದಿರಲಿಲ್ಲ.

ಹಾಲಿನ ಮಾತಾಡಿದ ಬೆನ್ನಿಗೇ ವೈನಿಯ ದವಡೆ ಬಿಗಿಯಿತು. ಕುತ್ತಿಗೆ ಹಿಂದಕ್ಕೆ ಬಾಗಿ, ಕೂದಲು ಬಿಚ್ಚಿಹೋಗಿ, ಇಡೀ ಮೈ ನಡುಗತೊಡಗಿತು. ನಾನು ಕೂಗಿದೆ. ಆದರೆ ನರ್ಸಬಾಯಿಗಿಂತ ಮೊದಲು ಓಡಿ ಬಂದವರು ನಮ್ಮಂತೆಯೇ ಗುಳಿಗೆ ನುಂಗಲು ಬಂದಿದ್ದ, ನಮ್ಮ ಊರಕಡೆಯ ಹೆಂಗಸರು. ಅಂದು ಶ್ರಾವಣದ ಕಡೆಯ ಸೋಮವಾರ.

"ಯವ್ವಾ, ದೇವಿ ಮೈಯಾಗ ಬಂದಾಳ!" ಎಂದು ಒಬ್ಬಳು ಕೈ ಮುಗಿದಳು. ಇನ್ನೊಬ್ಬಳು ಪಾದಕ್ಕೆ ಹಣೆ ಹಚ್ಚಿದಳು. ಸೂಜಿ ಹಿಡಿದು ಬಂದ ನರ್ಸಬಾಯಿಯನ್ನು ಮೂರನೆಯವಳು ಎರಡೂ ಕೈ ಚಾಚಿ ತಡೆದಳು. "ಮುಟ್ಟಬ್ಯಾಡ್ರಿ ಬಾಯಿ! ಮಡಿ ಕೆಡತೈತಿ. ಮೊದ್ಲ ಏನು ಬೇಕು ಕೇಳ್ರಿ ಆಕೀನ್ನ!"

"ಸಕ್ಕರಿ ಬೇಕು ಆಕಿಗೆ! ಸರೀರಿ!" ಎಂದು ನಾನು ಚೀರಿದೆ. ಅಡ್ಡ ನಿಂತವಳ ರಟ್ಟೆ ಹಿಡಿದು ಎಳೆದೆ, ಅವಳು ನನ್ನನ್ನು ತಳ್ಳಿದಳು. ರಕ್ತ ತೆಗೆಯಲೆಂದು ನನ್ನ ಕೈಗೆ ಹಾಕಿದ್ದ ಸೂಜಿ ಕಿತ್ತು ರಕ್ತ ಚೆಲ್ಲಿತು. ಅದನ್ನು ಕಂಡು ಅವಳು ಹಿಂದೆ ಸರಿದಳು. ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಗಡಿಯಾರ ಎದುರಿಗೇ ಇತ್ತು, ಆಗ ನಾನು ನೋಡಲಿಲ್ಲ. ಈಗಲೂ ನನ್ನೊಳಗೆ ಮತ್ತೆ ಮತ್ತೆ ತಿರುಗುವುದು ಆ ತುಣುಕೇ: ಚಾಚಿದ ಎರಡು ಕೈ, ಅವುಗಳ ಹಸಿರು ಬಳೆ, ಅದರಾಚೆ ಬಿಳಿಯಾಗುತ್ತಿರುವ ವೈನಿಯ ತುಟಿ.

ಗ್ಲುಕೋಸ್ ನೆತ್ತರಿಗೆ ಇಳಿದ ಮೇಲೆ ವೈನಿ ಕಣ್ಣು ಬಿಟ್ಟು, "ಯಾಕ, ಎಲ್ಲಾರೂ ಯಾಕ ನಿಂತೀರಿ?" ಎಂದಳು. ನರ್ಸಬಾಯಿ ಮಂಚದ ಕೆಳಗಿಂದ ಬೇಸಿನ್ ಎಳೆದಳು. ಬೆಳಗಿನಿಂದ ಕೊಟ್ಟ ಸಿಹಿನೀರೆಲ್ಲ ಅದರಲ್ಲಿತ್ತು.

"ಇದೇನ ವೈನಿ?"

"ಕಡೇ ಸೋಮಾರ ಐತೆಲ್ಲವಾ. ಗುಳಗಿ ನುಂಗೇನಿ ಹೌದಿಲ್ಲೊ? ಔಷಧಕ್ಕ ಉಪವಾಸ ಮುರಿಯಂಗಿಲ್ಲ. ಪಾನಕ ಕುಡದ್ರ ಮುರೀತೈತಿ."

ಬಂದ ತರುಣ ಡಾಕ್ಟರರು ಅದನ್ನು ಕೇಳಿಸಿಕೊಂಡು ನಿರಾಳವಾದದ್ದು ನನಗೆ ಕಂಡಿತು. ತಪ್ಪಿಗೊಬ್ಬ ಒಡತಿ ಸಿಕ್ಕಿದ್ದಳು. ಇವರೇ ಸೂಚನೆ ಮೀರಿದ್ದಾರೆ, ಅಧ್ಯಯನದಿಂದ ತೆಗೆಯುತ್ತೇವೆ, ಮಧ್ಯಾಹ್ನ ವ್ಯಾನಿನಲ್ಲಿ ಮನೆಗೆ ಕಳಿಸುತ್ತೇವೆ ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಕಡೆ ತಿರುಗಿ, "ನೀವು ಓದಿದವರು, ನೀರು ಚೆಲ್ಲಿದ್ದಕ್ಕೆ ಸಾಕ್ಷಿ ಹೇಳುತ್ತೀರಲ್ಲ?" ಎಂದರು.

ನಾನು ಹೋಗಿ ವೈನಿಯ ಮಂಚದ ಅಂಚಿಗೆ ಕುಳಿತೆ. "ಹೇಳುತ್ತೇನೆ. ಆ ನೀರು ಯಾಕೆಂದು ಅವಳ ಮಾತಿನಲ್ಲಿ ಯಾರೂ ಹೇಳಲಿಲ್ಲ ಎಂಬುದನ್ನೂ ಹೇಳುತ್ತೇನೆ. ಇವತ್ತು ಉಪವಾಸವಿದೆಯೇ ಎಂದು ಯಾರೂ ಕೇಳಲಿಲ್ಲ ಎಂಬುದನ್ನೂ ಹೇಳುತ್ತೇನೆ. ಗುಳಿಗೆ ಇಡೀ ದಿನ ಕೆಲಸ ಮಾಡುತ್ತದೆ ಎಂದು ನೀವೇ ತಿಳಿಸಿದ್ದೀರಿ. ಅದು ಮುಗಿಯುವವರೆಗೆ ನಾವು ಈ ಮಂಚ ಬಿಟ್ಟು ಏಳುವುದಿಲ್ಲ."

"ಓದಿದವರೇ ಹೀಗೆ ಹಟ ಮಾಡಿದರೆ?"

"ಓದಿದ್ದಕ್ಕೇ ಮಾಡುತ್ತಿದ್ದೇನೆ."

ಮಧ್ಯಾಹ್ನ ಮಳೆಯಲ್ಲಿ ವ್ಯಾನ್ ಬಂದು ನಿಂತು ಹಾರ್ನ್ ಹೊಡೆಯಿತು. ಕಷ್ಟವಾದದ್ದು ಡಾಕ್ಟರರನ್ನು ಎದುರಿಸುವುದಲ್ಲ, ವೈನಿಯನ್ನು ಹಿಡಿದಿಡುವುದು. ಅವಳು ಆಗಲೂ ಏನೂ ತಿಂದಿರಲಿಲ್ಲ. ಸೂಜಿಯಿಂದ ಒಳಗೆ ಹೋದದ್ದು ಹೊಟ್ಟೆಗೆ ಹೋದ ಲೆಕ್ಕವಲ್ಲ ಎಂಬುದು ಅವಳ ವಾದ.

"ಏಳವಾ, ಮನ್ಯಾಗ ದೀಪ ಹಚ್ಚಿ ಉಪವಾಸ ಬಿಡೂದೈತಿ."

"ಎದ್ರ ನಿನ್ನ ಸೆರಗಿನಿಂದನ ಮಂಚಕ್ಕ ಕಟ್ಟತೇನಿ, ನೋಡ."

"ಅತ್ತಿ ಇಲ್ಲದ ಮನಿ ಅಂತ ಲಗ್ನ ಆದೆ. ನೀ ಗಂಟಬಿದ್ದಿ!"

ವ್ಯಾನ್ ಖಾಲಿ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವಳ ಹಣೆ ಮತ್ತೆ ಬೆವರಿತು, ಮಾತು ತೊದಲಿತು. ಈ ಸಲ ನರ್ಸಬಾಯಿ ಪಕ್ಕದಲ್ಲೇ ಇದ್ದಳು. ಸೂಜಿಯಿಂದ ಗ್ಲುಕೋಸ್ ಹೋಯಿತು. ಡಾಕ್ಟರರು ತಾವೇ ಲೋಟ ಹಿಡಿದು ಓಡಿಬಂದರು. ವೈನಿ ಲೋಟ ತಳ್ಳಿ, "ದೀಪ ಹಚ್ಚಿದ್ರೇನು?" ಎಂದು ನನ್ನನ್ನು ಕೇಳಿದಳು. ನಾನು ನರ್ಸಬಾಯಿಗೆ ಕೊಂಕಣಿಯಲ್ಲಿ ಹೇಳಿದೆ. ಅವಳು ಹೋಗಿ ಟ್ಯೂಬ್‌ಲೈಟ್ ಹಾಕಿದಳು. ವೈನಿ ಅದಕ್ಕೇ ಕೈ ಮುಗಿದು, ಡಾಕ್ಟರರ ಕೈಯಿಂದ ಲೋಟ ಇಸಿದುಕೊಂಡು ಗಟಗಟ ಕುಡಿದಳು. ವ್ಯಾನಿನಲ್ಲಿ ಹೊರಟಿದ್ದರೆ ಆ ಹೊತ್ತಿಗೆ ಬಾಗಿಲು ಹಾಕಿದ ಕೋಣೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಡಾಕ್ಟರರು ಮರುದಿನ ಬೆಳಗಿನವರೆಗೆ ಅವಳನ್ನು ಅಲ್ಲೇ ಇರಿಸಿಕೊಂಡರು.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ಶುರುಮಾಡಿದ. "ಮೈ ಮಾರಕೊಳ್ಳಾಕ ಹೋಗಿದ್ರೇನು ಇಬ್ಬರೂ?"

"ನೀವು ಮೂರನೇ ಮಾಳಗಿ ಮ್ಯಾಲ ಹಗ್ಗಿಲ್ಲದ ನಿಂತು ಗ್ವಾಡಿಗೆ ಗಿಲಾವ್ ಮಾಡ್ತೀರಿ. ಅದೇನು ಮೈ ಕಾಯೂ ಕೆಲಸೇನ್ರಿ?" ಎಂದಳು ವೈನಿ. ಅವನು ಚಹಾಕ್ಕೆ ನೀರಿಟ್ಟ.

ಓಣಿಯವರು ಕೇಳಿದರು, ಅಂಗಡಿಯವರು ಕೇಳಿದರು: ಬಡವರನ್ನು ಪ್ರಯೋಗದ ಇಲಿ ಮಾಡುತ್ತಾರಲ್ಲ, ನಿಮಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಇಲಿಗೆ ಯಾರೂ ಏನನ್ನೂ ಹೇಳಬೇಕಿಲ್ಲ. ನಮಗೆ ಹೇಳಬೇಕು, ನಮ್ಮ ಮಾತಿನಲ್ಲಿ ಹೇಳಬೇಕು, ನಾವು ತಿರುಗಿ ಕೇಳಿದರೆ ಉತ್ತರ ಕೊಡಬೇಕು. ಜಗಳ ಅದಕ್ಕೆ. ಗುಳಿಗೆಯ ಮೇಲೆ ನನಗೆ ಸಿಟ್ಟಿಲ್ಲ.

ನಿದ್ದೆ ಮಾತ್ರ ಹೋಗಿತ್ತು. ಕಣ್ಣು ಮುಚ್ಚಿದರೆ ಹಸಿರು ಬಳೆ. ಎದ್ದು ಪರದೆ ಸರಿಸಿ ವೈನಿಯ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ. "ಸತ್ತಿಲ್ಲ, ಮಲಗವಾ" ಎನ್ನುತ್ತಿದ್ದಳು ಕಣ್ಣು ಬಿಡದೆ.

ಚೌತಿ ಕಳೆದ ಮೇಲೆ ಎರಡನೆಯ ಸುತ್ತಿತ್ತು: ಮೊದಲು ಒಂದು ಗುಳಿಗೆ ನುಂಗಿದವರಿಗೆ ಈಗ ಇನ್ನೊಂದು. ಅವಳನ್ನು ಕೈಬಿಟ್ಟಿದ್ದರು, ನಾನು ಇನ್ನೂ ಇದ್ದೆ. ಬಿಟ್ಟುಬಿಡು ಎಂದು ಎಲ್ಲರೂ ಹೇಳಿದರು. ನಾನು ಹೋದೆ. ಗುಳಿಗೆ ಕೊಡುವ ಮೊದಲು ಹೆಂಗಸರೊಡನೆ ಕನ್ನಡದಲ್ಲಿ ಮಾತಾಡಲು ಬಿಡಬೇಕು, ಇಲ್ಲದಿದ್ದರೆ ನುಂಗುವುದಿಲ್ಲ ಎಂದೆ. ಡಾಕ್ಟರರು ಪಕ್ಕಕ್ಕೆ ಸರಿದರು.

"ಈ ನೀರು ಪಾನಕ ಅಲ್ರಿ. ಗುಳಗಿ ಸಕ್ಕರಿ ಇಳಸತೈತಿ, ಇದು ಜೀವ ಹಿಡೀತೈತಿ. ಚೆಲ್ಲಿದ್ರ ನಮ್ಮ ವೈನಿಗಾದದ್ದ ನಿಮಗೂ ಆಗತೈತಿ. ಇವತ್ತು ಸಂಕಷ್ಟಿ. ಯಾರ್ದರೆ ಉಪವಾಸ ಐತೇನು?"

ಎರಡು ಕೈ ಮೇಲೆದ್ದವು. ಅದರಲ್ಲೊಂದು ಅಂದು ನರ್ಸಬಾಯಿಯನ್ನು ತಡೆದವಳದು. "ಚಂದ್ರನ್ನ ನೋಡೂತನಕ ನಾ ನೀರಷ್ಟ ಕುಡಿಯಾಕಿ" ಎಂದಳು. ಅವರಿಬ್ಬರಿಗೂ ಬೇರೆ ದಿನ ಕೊಟ್ಟರು. ನಾನು ಗುಳಿಗೆ ನುಂಗಿದೆ. ಬಂದ ಲೋಟವನ್ನೆಲ್ಲ ಕುಡಿದೆ. ಆ ದಿನ ಆ ಕೋಣೆಯಲ್ಲಿ ಯಾರೂ ಬೀಳಲಿಲ್ಲ.

ಮರುದಿನ ಮನೆಗೆ ಬಂದು ಉಂಡು ಮಲಗಿದವಳಿಗೆ ಎಚ್ಚರವಾದಾಗ ಬಾಗಿಲ ಸಂದಿಯಿಂದ ಬಿಸಿಲು ಬಂದಿತ್ತು. ವೈನಿ ಖಾಲಿ ಕೊಡ ಹಿಡಿದು ನಿಂತಿದ್ದಳು.

"ನಳ ಬಂದು ಹೋತು. ನಿನ್ನ ಎಬ್ಬಿಸಿ ಎಬ್ಬಿಸಿ ಸಾಕಾತು. ಉಸರ ಐತೋ ಇಲ್ಲೋ ಅಂತ ನಾನ ಬೆರಳ ಹಿಡದ ನೋಡಿದೆ."