ಕೆಮ್ಮಣ್ಣಿನ ಹೆಂಗಸರು

ಬಂಡೆ ಹಾಡುತ್ತದೆ ಎಂದು ಯಾರಾದರೂ ಹೇಳಿದರೆ ಮರ್ಯಾದೆಗೆ ತಲೆಯಾಡಿಸಿ, ಒಳಗೊಳಗೇ ನಗುವವಳು ನಾನು. ಡೋರಾ ಹೇಳಿದಾಗಲೂ ಹಾಗೆಯೇ ಮಾಡಿದ್ದೆ.

ಡೋರಾ ಎಪ್ಪತ್ತು ದಾಟಿದವರು. ಸಿಯಾಟಲ್‌ನ ಪೂರ್ವದ ಬೆಟ್ಟಗಳಲ್ಲಿ ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಬದುಕಿದ್ದ ಜನರ ಪೈಕಿ. ಆ ಬೆಟ್ಟಗಳು ಈಗ ರಾಷ್ಟ್ರೀಯ ಉದ್ಯಾನ. ಅಲ್ಲಿನ ಒಂದು ಬಂಡೆಯ ಮೇಲೆ ಅವರ ಹಿರಿಯರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿದ್ದವು: ಕೈ ಕೈ ಹಿಡಿದು ನಿಂತ ಹೆಂಗಸರ ಸಾಲು, ಪಕ್ಕದಲ್ಲೊಂದು ಮೀನು. ಸಿಯಾಟಲ್ ಪಕ್ಕದ ಬಾಥೆಲ್ ಊರಿನಲ್ಲಿರುವ ನಾನು ವಾರಾಂತ್ಯಗಳಲ್ಲಿ ಅಲ್ಲಿ ಸ್ವಯಂಸೇವಕಿ. ಬಂದವರು ಬಂಡೆ ಮುಟ್ಟದಂತೆ ನೋಡಿಕೊಳ್ಳುವುದೇ ಕೆಲಸ.

"ಆ ಹೆಂಗಸರು ಹಾಡೋದು ನಮ್ಮಜ್ಜಿಗೆ ಕೇಳಿಸ್ತಿತ್ತು," ಎಂದಿದ್ದರು ಡೋರಾ. "ಅಜ್ಜಿ ಆ ಹಾಡು ಕಲಿಸೋ ಮೊದಲೇ ಸರ್ಕಾರದವರು ಅಮ್ಮನನ್ನ ಬೋರ್ಡಿಂಗ್ ಸ್ಕೂಲಿಗೆ ಎಳಕೊಂಡು ಹೋದರು. ಅಲ್ಲಿ ನಮ್ಮ ಭಾಷೆ ಆಡಿದ್ರೆ ಏಟು. ನಾನು ಚಿಕ್ಕಂದಿನಿಂದ ಬಂದು ಕೂರ್ತೀನಿ. ಒಂದು ದಿನವೂ ಕೇಳಿಸಿಲ್ಲ."

ಒಂದು ಬೇಸಿಗೆಯಲ್ಲಿ ಯಾರೋ ಆ ಚಿತ್ರಗಳ ಮೇಲೆ ಕಪ್ಪು ಸ್ಪ್ರೇ ಪೇಂಟಿನಿಂದ ತಮ್ಮ ಹೆಸರುಗಳನ್ನು ಬರೆದು ಹೋದರು. ಅದನ್ನು ತೆಗೆಯಲು ತಜ್ಞೆಯೊಬ್ಬರು ಬಂದರು. ಡೋರಾ ಮತ್ತು ನಾನು ಪಕ್ಕದಲ್ಲೇ ನಿಂತಿದ್ದೆವು. ಒಂದು ಮೂಲೆಯಲ್ಲಿ ಒದ್ದೆ ಹತ್ತಿಯನ್ನು ಮೆಲ್ಲಗೆ ಒತ್ತಿದರು. ಕಪ್ಪಿನ ಜೊತೆ ಕೆಂಪೂ ಹತ್ತಿಗೆ ಬಂತು.

"ಕಪ್ಪು ತೆಗೆದ್ರೆ ಚಿತ್ರವೂ ಹೋಗುತ್ತೆ. ಬಿಟ್ರೆ ಆ ಕಪ್ಪು ಇನ್ನೂ ಒಳಗೆ ಇಳಿಯುತ್ತೆ. ಸಾರಿ," ಎಂದು ಡೋರಾ ಅವರ ಭುಜ ಮುಟ್ಟಿ, ಸಾಮಾನು ಕಟ್ಟಿಕೊಂಡು ಹೊರಟುಹೋದರು.

ನಾವಿಬ್ಬರೇ ಉಳಿದೆವು. ಸುಡು ಮಧ್ಯಾಹ್ನ, ಎಲೆ ಕೂಡ ಅಲುಗುತ್ತಿರಲಿಲ್ಲ. ಆಗ ಹಾಡು ಶುರುವಾಯಿತು. ನಾಲ್ಕೈದು ಹೆಂಗಸರ ದನಿ, ಎದುರಿನ ಬಂಡೆಯಿಂದಲೇ. ಕೈಕೆಲಸ ಮಾಡುತ್ತ ತಮ್ಮಷ್ಟಕ್ಕೆ ಹಾಡಿಕೊಳ್ಳುವವರ ಹಾಗಿತ್ತು. ಭಾಷೆ ತಿಳಿಯಲಿಲ್ಲ. ನಡುವೆ ಒಬ್ಬಳು ಕೆಮ್ಮಿದಳು, ಉಳಿದವರು ಮುಂದುವರಿಸಿದರು. ನಾನು ಎದ್ದು ಬಂಡೆಯನ್ನು ಸುತ್ತಿ ಬಂದೆ. ಒಂದು ನರಪಿಳ್ಳೆಯೂ ಇಲ್ಲ.

"ಕೇಳಿಸ್ತಾ ಇದೆಯಲ್ಲ!" ಎಂದು ಡೋರಾ ಅವರ ಕೈ ಹಿಡಿದೆ.

"ಏನು?"

ಅಷ್ಟರಲ್ಲಿ ನಿಂತುಹೋಯಿತು. ಕೇಳಿಸಿದ್ದನ್ನೆಲ್ಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳಲ್ಲ ಎಂದು ಗೊತ್ತಾಯಿತೇನೋ.

"ಹಾಡು," ಎಂದರು. "ಎಷ್ಟು ನೆನಪಿದೆಯೋ ಅಷ್ಟು. ಮರೆಯೋದ್ರೊಳಗೆ ಹಾಡು."

ಬಾಯಿ ತೆರೆದೆ. ಆಗಷ್ಟೇ ಕೇಳಿದ್ದ ರಾಗದ ಒಂದು ಎಳೆಯೂ ಸಿಗಲಿಲ್ಲ. ಮತ್ತೆ ಮತ್ತೆ ಯತ್ನಿಸಿದೆ. ಬಂದದ್ದು ಮದುವೆ ಮನೆಯಲ್ಲಿ ನಮ್ಮವರು ಹೇಳುವ ಯಾವುದೋ ಹಾಡಿನ ಧಾಟಿ. ಡೋರಾ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಕಾಯುತ್ತಲೇ ಇದ್ದರು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ಬೇರೆ ಟ್ರೇಲ್‌ನಲ್ಲಿ ನಡೀತಿದ್ದೋರು ಯಾರೋ ಮ್ಯೂಸಿಕ್ ಪ್ಲೇ ಮಾಡ್ತಿದ್ರೇನೋ ಕಣೇ. ಬಿಸಿಲು ಬೇರೆ," ಎಂದರು. ಇರಬಹುದು. ಆದರೆ ಪಕ್ಕದಲ್ಲೇ ಇದ್ದ ಡೋರಾಗೆ ಕೇಳಿಸಲಿಲ್ಲವಲ್ಲ.

ಆ ಚಳಿಗಾಲದಲ್ಲಿ ಡೋರಾ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಬೇರೇನೂ ಮಾತಾಡಲಿಲ್ಲ. "ನೆನಪಾಯ್ತಾ?" ಎಂದರು.

"ಇಲ್ಲ," ಎಂದೆ.

ಅವರು ನನ್ನ ಕೈ ತಟ್ಟಿ ಗೋಡೆಯ ಕಡೆ ತಿರುಗಿಕೊಂಡರು. ಮರುವಾರ ತೀರಿಕೊಂಡರು.

ಕಪ್ಪು ಒಳಗಿಳಿದು, ಬಂಡೆಯ ಮೇಲಿನ ಕೆಂಪು ಈಗ ಹುಡುಕಿದರೂ ಕಾಣುವುದಿಲ್ಲ. ಆ ದನಿಗಳಿಗೆ ಜೀವಮಾನವಿಡೀ ಕಿವಿಗೊಟ್ಟು ಕುಳಿತವರು ಡೋರಾ. ಅವರನ್ನು ಬಿಟ್ಟು, ಉಳಿಸಿಕೊಳ್ಳಲಾರದ ನನಗೇ ಅದು ಯಾಕೆ ಕೇಳಿಸಿತು? ನನಗೆ ತಿಳಿದಿಲ್ಲ. ಕೇಳಿ ತಿಳಿಯೋಣವೆಂದರೆ ಅವರ ಮನೆತನದಲ್ಲಿ ಈಗ ಯಾರೂ ಇಲ್ಲ.