ಕ್ಯಾನ್ಸರ್ ಲೆಕ್ಕದ ಗಂಡಿಗೆ ಹೆಣ್ಣು ಸಿಕ್ಕಿದ್ದು

ನನ್ನ ತಮ್ಮ ಶ್ರೀಪತಿಗೆ ಹೆಣ್ಣು ಕೊಡಲು ಯಾರೂ ತಯಾರಿರಲಿಲ್ಲ.

ಕುಡಿಯುವುದಿಲ್ಲ. ಸೇದುವುದಿಲ್ಲ. ಇಸ್ಪೀಟು ಎಲೆ ಮುಟ್ಟುವುದಿಲ್ಲ. ಎಂ.ಎಸ್ಸಿ. ಪಾಸಾಗಿದೆ. ತಲೆ ತುಂಬ ಕೂದಲಿದೆ (ಮೂವತ್ತು ದಾಟಿದ ಮೇಲೆ ಇದೇನು ಸಣ್ಣ ಮಾತಲ್ಲ). ಆದರೂ ಆರ್.ಎಸ್. ಪುರಂನ ನಮ್ಮ ಮನೆಗೆ ಬಂದ ಜಾತಕಗಳೆಲ್ಲ ಬಂದಷ್ಟೇ ಬೇಗ ವಾಪಸ್ ಹೋಗುತ್ತಿದ್ದವು.

ಕಾರಣ, ಅವನ ಕೆಲಸ. ಕೊಯಮತ್ತೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅವನು ಬಯೋಸ್ಟ್ಯಾಟಿಸ್ಟಿಷಿಯನ್. ಈ ಶಬ್ದವನ್ನು ಒಂದೇ ಉಸಿರಿನಲ್ಲಿ ಹೇಳಲು ನಾನು ಎಷ್ಟು ಒದ್ದಾಡಿದ್ದೇನೆಂದು ನನಗೇ ಗೊತ್ತು. ಹುಡುಗಿ ಮನೆಯವರಿಗಂತೂ ಬಿಡಿಸಿ ಹೇಳಲೇಬೇಕು. ಯಾವ ಊರಿನಲ್ಲಿ, ಎಂಥವರಿಗೆ, ಯಾವ ಕ್ಯಾನ್ಸರ್ ಹೆಚ್ಚು? ಚಿಕಿತ್ಸೆಯಾದ ಮೇಲೆ ಅವರು ಎಷ್ಟು ವರ್ಷ ಬದುಕುತ್ತಾರೆ? ಇದನ್ನು ಲೆಕ್ಕ ಹಾಕುವವನು ನಮ್ಮ ಹುಡುಗ. ಇಷ್ಟು ಹೇಳುವಷ್ಟರಲ್ಲಿ ಎದುರಿಗೆ ಕೂತವರು ಬಸ್ಸಿಗೆ ಹೊತ್ತಾಯಿತೆಂದು ಎದ್ದಿರುತ್ತಾರೆ. ಒಬ್ಬ ಅಜ್ಜಿ ಕೇಳಿಯೇಬಿಟ್ಟರು, "ಆಫೀಸಿಂದ ಬಂದ್ಮೇಲೆ ಸ್ನಾನ ಮಾಡ್ತಾನೇನಮ್ಮಾ?"

ಮಾಡುತ್ತಾನೆ ತಾಯಿ. ಆದರೆ ಅದು ಅವನು ಸೈಕಲ್ ತುಳಿದು ಬೆವರುವುದರಿಂದ!

ಹಾಗಾಗಿ ಕಾರಮಡೈನಿಂದ ಈ ಸಲ ಸಂಬಂಧ ಬಂದಾಗ ನಾನು ಜಾಣೆಯಾದೆ. ಹುಡುಗನ ಕೆಲಸವೇನೆಂದು ಕೇಳಿದ್ದಕ್ಕೆ "ಆಸ್ಪತ್ರೆಯಲ್ಲಿ ಲೆಕ್ಕದ ಕೆಲಸ" ಎಂದೆ. ಇದರಲ್ಲಿ ಸುಳ್ಳೆಲ್ಲಿದೆ? ಆಸ್ಪತ್ರೆಯೂ ನಿಜ, ಲೆಕ್ಕವೂ ನಿಜ. ನಡುವಿನ ಒಂದು ಶಬ್ದ ನುಂಗಿದೆ, ಅಷ್ಟೆ.

ಹುಡುಗಿ ಕೋಮಲಾ. ಬಿ.ಎಸ್ಸಿ. ಓದಿ ಅಲ್ಲಿಯೇ ಒಂದು ಸ್ಕೂಲಿನಲ್ಲಿ ಟೀಚರ್. ತಂದೆ ರಂಗಸ್ವಾಮಿ ಗೌಡರಿಗೆ ಬಾಳೆ ತೋಟ. ಎಷ್ಟೋ ತಲೆಮಾರಿನ ಹಿಂದೆ ಇತ್ತ ಬಂದು ನಿಂತ ಕನ್ನಡದ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. (ನನ್ನ ಈ ಅಂಕಣವನ್ನು ಅವರು ಓದಲಾರರು. ಕನ್ನಡ ಅಕ್ಷರ ಬಾರದು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಭಾನುವಾರ ಬಸ್ಸಿನಲ್ಲಿ ಶ್ರೀಪತಿಗೆ ದಾರಿಯುದ್ದಕ್ಕೂ ಪಾಠ ಹೇಳಿದೆ. "ನೋಡೋ, ಬಾಯಿ ಮುಚ್ಚಿಕೊಂಡು ಬಜ್ಜಿ ತಿನ್ನು. ಕೆಲಸದ ಮಾತು ಬಂದರೆ ನನ್ನ ಕಡೆ ನೋಡು."

ಅವನು ತಲೆ ಆಡಿಸಿದ. ಲೆಕ್ಕದವರು ತಲೆ ಆಡಿಸಿದರೆ ನಂಬಬಾರದು ಎನ್ನುವುದು ನನಗೆ ಆಗ ತಿಳಿದಿರಲಿಲ್ಲ.

ಎಲ್ಲ ಚೆನ್ನಾಗಿಯೇ ಶುರುವಾಯಿತು. ಕೇಸರಿ ಬಂತು. ಅವರ ತೋಟದ್ದೇ ಬಾಳೆಕಾಯಿಯ ಬಜ್ಜಿ ಬಂತು. ಹುಡುಗಿ ಬಂದಳು. ತಲೆ ತಗ್ಗಿಸಿ ಕೂರದೆ ನೇರವಾಗಿ ಇವನ ಮುಖ ನೋಡಿ ಕೇಳಿದಳು, "ಆಸ್ಪತ್ರೀಲಿ ಏನ್ ಲೆಕ್ಕ ನೋಡ್ತೀರಾ? ಮಾತ್ರೆ ಲೆಕ್ಕವಾ, ಬೆಡ್ಡಿನ ಲೆಕ್ಕವಾ?"

ಶ್ರೀಪತಿ ನನ್ನ ಕಡೆ ನೋಡಲಿಲ್ಲ. ಬಜ್ಜಿ ತಟ್ಟೆಗಿಟ್ಟು ಹೇಳಿದ, "ಕ್ಯಾನ್ಸರ್ ಬಂದೋರು ಎಷ್ಟು ಕಾಲ ಬದುಕ್ತಾರೆ ಅಂತ ನೋಡ್ತೀನಿ."

ಕಾಫಿ ಹಿಡಿದು ನಿಂತಿದ್ದ ಹುಡುಗಿಯ ತಾಯಿ ನಾಗಮ್ಮ ತಟ್ಟನೆ ಅಡಿಗೆಮನೆಗೆ ಹೋದವರು ಆಚೆ ಬರಲೇ ಇಲ್ಲ. ಗೌಡರು ಹೆಗಲ ಟವೆಲ್ ಸರಿಮಾಡಿಕೊಂಡರು. "ಜಾತಗ ಇನ್ನೊಂದು ತಡವೆ ನೋಡಿ ಹೇಳ್ತೀವಿ," ಎಂದರು. ಇನ್ನೊಂದು ತಡವೆ ಅಂದರೆ ಇನ್ನೊಂದು ಸಲ. ಹಾಗೆಂದರೆ ಏನರ್ಥ ಎನ್ನುವುದು ಹೆಣ್ಣು ನೋಡಲು ಹೋಗಿ ಬಂದವರಿಗೆಲ್ಲ ಗೊತ್ತು.

ಬಸ್ ಸ್ಟಾಪಿನಲ್ಲಿ ನಾನು ಅವನ ಮೇಲೆ ಹರಿಹಾಯ್ದೆ. "ನಿನ್ನ ಹಣೆಬರಹ! ಆ ಒಂದು ಶಬ್ದ ಬಾಯಿಂದ ಉದುರಿಸದೇ ಇದ್ದರೆ ಏನಾಗ್ತಿತ್ತು?"

"ಎಲ್ಲರೂ ಅದನ್ನೇ ಮಾಡೋದು ಅಕ್ಕ," ಎಂದ. "ಅದಕ್ಕೇ ನನ್ನ ಕೆಲಸ ಕೆಟ್ಟು ಕೂತಿರೋದು."

ಅವನ ಗೋಳು ಕೇಳಿ. ಚಿಕಿತ್ಸೆ ಮುಗಿಸಿ ಹೋದವರು ಹೇಗಿದ್ದಾರೆ ಎಂದು ತಿಳಿಯಬೇಕಲ್ಲ? ಆಸ್ಪತ್ರೆಯಿಂದ ಪೋಸ್ಟ್ ಕಾರ್ಡ್ ಬರೆಯುತ್ತಾನೆ. ಸತ್ತವರ ಮನೆಯಿಂದ ಉತ್ತರ ಬರುತ್ತದೆ. ಕಾಯಿಲೆ ಮರುಕಳಿಸಿದವರು ತಾವೇ ಬರುತ್ತಾರೆ. ಗುಂಡುಕಲ್ಲಿನ ಹಾಗೆ ಇರುವವರು? ಸುದ್ದಿಯೇ ಇಲ್ಲ! ಕಾರ್ಡನ್ನು ಪೋಸ್ಟ್‌ಮನ್ ಓದಿದ, ಪಕ್ಕದ ಮನೆಯವರು ಓದಿದರು ಎಂದು ಹೆದರಿ ಒಲೆಗೆ ಹಾಕುತ್ತಾರೆ. ಕಾರ್ಡ್ ಬಿಟ್ಟು ಇನ್‌ಲ್ಯಾಂಡ್ ಲೆಟರ್ ಬರೆದ. ಅದೂ ಅಷ್ಟೇ. ಕೊನೆಗೆ ತಾನೇ ಮನೆ ಹುಡುಕಿಕೊಂಡು ಹೊರಟ. ಮದುಕ್ಕರೈನಲ್ಲಿ ಒಬ್ಬ ಮಹಾಶಯ ಇವನನ್ನು ಕಂಡು ಅಟ್ಟ ಹತ್ತಿ ಕೂತನಂತೆ. ಹೆಂಡತಿ ಬಾಗಿಲಲ್ಲಿ ನಿಂತು "ಅವರು ಇಲ್ಲಿಲ್ಲ" ಎನ್ನುತ್ತಿದ್ದರೆ ಮೇಲಿನಿಂದ ಗಂಡನ ಸೀನು ಕೇಳಿಸುತ್ತಿತ್ತು. ಕಾಯಿಲೆ ಇತ್ತೆಂದು ಗೊತ್ತಾದರೆ ಕೆಲಸ ಹೋದೀತೆಂಬ ಭಯ ಪಾಪ.

"ಸೀನು ಕೇಳಿಸ್ತಲ್ಲ, ಬದುಕಿದ್ದಾನೆ ಅಂತ ಬರೆದುಕೋ," ಎಂದೆ.

"ಹಾಗೆ ಬರೆಯೋಕಾಗಲ್ಲ ಅಕ್ಕ. ಸೀನಿದ್ದು ಅವನ ಅಣ್ಣನೂ ಆಗಿರಬಹುದು," ಎಂದ. ಇಂಥವನಿಗೆ ನಾನು ಹೆಣ್ಣು ಹುಡುಕಬೇಕು, ನೋಡಿ!

ಕಣ್ಣಿಗೆ ಬೀಳದೆ ಹೋದವರು ಕೊನೆಯ ಸಲ ಆಸ್ಪತ್ರೆಗೆ ಬಂದ ದಿನದವರೆಗೆ ಮಾತ್ರ ಇವನ ಲೆಕ್ಕದಲ್ಲಿ ಬದುಕಿರುತ್ತಾರೆ. ಆಮೇಲಿನದು ಗೊತ್ತಿಲ್ಲ. ಅವನ ಲೆಕ್ಕ ಹಾಗಿರಲಿ, ನಮ್ಮ ನಿಮ್ಮ ತಲೆಯೊಳಗಿನ ಲೆಕ್ಕ ಇನ್ನೂ ಕೆಟ್ಟದ್ದು. ಸತ್ತವರ ಸುದ್ದಿಯಷ್ಟೇ ಕಿವಿಗೆ ಬಿದ್ದೂ ಬಿದ್ದೂ ಈ ಕಾಯಿಲೆ ಬಂದರೆ ಮುಗಿಯಿತು ಎಂದು ತೀರ್ಮಾನಿಸಿ ಕೂತಿದ್ದೇವೆ. ಮುಗಿಯಿತು ಎಂದುಕೊಂಡವರು ಆಸ್ಪತ್ರೆಗೆ ಯಾಕಾದರೂ ಹೋಗುತ್ತಾರೆ? ತಡವಾಗಿ ಹೋಗುತ್ತಾರೆ. ತಡವಾದದ್ದಕ್ಕೇ ಸಾಯುತ್ತಾರೆ. ಇದನ್ನೆಲ್ಲ ಅವನು ಬಸ್ಸಿನಲ್ಲಿ ಕಡಲೆಕಾಯಿ ಸುಲಿಯುತ್ತ ಹೇಳಿದ. ಸಿಟ್ಟಿನಲ್ಲಿದ್ದ ನಾನು ಅರ್ಧ ಕೇಳಿಸಿಕೊಂಡೆ.

ಅದಾಗಿ ಕೆಲವು ದಿನಗಳ ಮೇಲೆ ಒಂದು ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ನಾಗಮ್ಮ. ಒಬ್ಬರೇ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕೂರಿ ಎಂದರೆ ಕೂರಲಿಲ್ಲ. ನೀರು ಕೊಟ್ಟರೆ ಲೋಟ ಹಿಡಿದೇ ನಿಂತರು.

"ಅಮ್ಮಾ, ನಿಮ್ಮ ತಂಬಿಗೆ ನನ್ನ ವಿಷಯ ಗೊತ್ತಾಗಿ ತಾನೇ ನೀವು ಬಂದಿದ್ದು?" ಎಂದರು. "ನಮ್ಮ ಪುಳ್ಳೆ ಕೋಮಲಾ ಬೇಡ ಅಂದ್ರೆ ಬೇಡ, ಪರವಾಯಿಲ್ಲೆ. ಆದ್ರೆ ನಮ್ಮೂರಲ್ಲಿ ಯಾರಿಗೂ ಹೇಳ್ಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಹೇಳಿದ್ರೆ ಅವಳ ಕಲ್ಯಾಣ ಎಲ್ಲೂ ಆಗಲ್ಲ."

ಯಾವ ವಿಷಯ? ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಅವರೇ ಅಳುತ್ತ ಹೇಳಿದರು. ಕೋಮಲಾ ಏಳನೇ ಕ್ಲಾಸಿನಲ್ಲಿದ್ದಾಗ ಇವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮದ್ರಾಸಿಗೆ ಹೋಗಿ ಗಡ್ಡೆ ಸುಡಲು ರೇಡಿಯಂ ಇಡಿಸಿಕೊಂಡು ಬಂದಿದ್ದರು. ಊರಿಗೆಲ್ಲ ತಮ್ಮನ ಹೆಂಡತಿಯ ಬಾಣಂತನಕ್ಕೆ ಹೋಗಿದ್ದೆ ಅಂತ ಹೇಳಿದ್ದರು. ಗಂಡ, ಮಗಳು ಬಿಟ್ಟು ಒಂದು ನರಪಿಳ್ಳೆಗೂ ಗೊತ್ತಿಲ್ಲ. ಕ್ಯಾನ್ಸರ್ ಲೆಕ್ಕದವನು ಮನೆಗೇ ಬಂದು ಕೂತಾಗ ತಮ್ಮ ಹೆಸರು ಸಿಕ್ಕಿಯೇ ಬಂದಿದ್ದಾನೆ ಎಂದುಕೊಂಡಿದ್ದಾರೆ!

ಅವರ ಚಿಕಿತ್ಸೆಗೂ ಶ್ರೀಪತಿಯ ಆಸ್ಪತ್ರೆಗೂ ಯಾವ ಸಂಬಂಧವೂ ಇಲ್ಲ. ನಾನು ಒಂದು ಶಬ್ದ ಮುಚ್ಚಿಟ್ಟುಕೊಂಡು ಅವರ ಮನೆಗೆ ಹೋಗಿದ್ದೆ. ಅವರು ಅದೇ ಶಬ್ದವನ್ನು ಮುಚ್ಚಿಟ್ಟುಕೊಂಡು ನಮಗೆ ಬಜ್ಜಿ ಕರಿದಿದ್ದರು.

ಅಷ್ಟರಲ್ಲಿ ಶ್ರೀಪತಿ ಬಂದ. ನಾಗಮ್ಮ ಅವನೆದುರೂ ಎಲ್ಲ ಹೇಳಿದರು. ನನ್ನ ತಮ್ಮನ ಮುಖ ನೋಡಬೇಕಿತ್ತು ನೀವು. ಲಾಟರಿ ಹೊಡೆದವನ ಹಾಗೆ!

"ಏಳನೇ ಕ್ಲಾಸಲ್ಲಾ? ಅಂದ್ರೆ ಹತ್ತು ವರ್ಷ ಆಯ್ತಲ್ಲಮ್ಮ! ಹೇಗಿದ್ದೀರಿ? ಊಟ ಸೇರುತ್ತಾ? ತೋಟಕ್ಕೆ ಹೋಗ್ತೀರಾ?"

ನಾಗಮ್ಮ ಅವನನ್ನೇ ನೋಡಿದರು. ಲೋಟ ಕೆಳಗಿಟ್ಟು ಹೊಸದಾಗಿ ಅಳಲು ಶುರುಮಾಡಿದರು. "ಹತ್ತು ವರುಷದಲ್ಲಿ ಯಾರೂ ಹೆಂಗಿದ್ದೀಯಾ ಅಂತ ಕೇಳಿಲ್ಲ ತಂಬಿ. ಯಾರಿಗಾದ್ರೂ ತೆರಿದಿದ್ರೆ, ಗೊತ್ತಿದ್ರೆ ತಾನೇ ಕೇಳಾದು?"

ನನಗೂ ತಡೆಯಲಾಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಾಗೆಂದು ನಾನೇನು ದೇವತೆಯಲ್ಲ. ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಒಳಗೊಂದು ಹುಳ ಕೊರೆಯುತ್ತಿತ್ತು. ತಾಯಿಗೆ ಬಂದದ್ದು ಮಗಳಿಗೂ ಬಂದರೆ? ಶ್ರೀಪತಿ ನನ್ನ ಕಡೆ ತಿರುಗಿದ. ಅಕ್ಕನ ಮುಖ ಓದುವುದು ಅವನಿಗೆ ಕಷ್ಟವಲ್ಲ. "ತಾಯಿಗಿತ್ತು ಅಂತ ಮಗಳಿಗೆ ಬಂದೇ ಬರುತ್ತೆ ಅನ್ನೋದೆಲ್ಲ ಸುಳ್ಳು ಅಕ್ಕ. ಮದುವೆ ಆಗೋನು ನಾನು. ನನಗಿಲ್ಲದ ಭಯ ನಿನಗೆ ಬೇಡ." ಆಮೇಲೆ ಸ್ವಲ್ಪ ನಾಚಿಕೊಂಡು, "ಅವರಿಗೂ ಒಪ್ಪಿಗೆಯಿದ್ದರೆ," ಎಂದು ಸೇರಿಸಿದ.

ನಾಗಮ್ಮ ಮೂಗೊರೆಸಿಕೊಂಡರು. "ಅವಳದ್ದೇನು, ಅವತ್ತೇ ಒಪ್ಪಿಗೆ. ನಮ್ಮ ಮನೇಲಿ ಆ ಕಾಯಿಲೆ ಪೇರು ಬಾಯಿಬಿಟ್ಟು ಹೇಳಿದೋರು ಇವರೊಬ್ಬರೇ ಅಮ್ಮಾ, ಇವರೇ ಇರಲಿ ಅಂತಾ ಕೂತಿದಾಳೆ."

ಹೋದ ವಾರ ಕಾರಮಡೈನಲ್ಲಿ ಒಪ್ಪುತಾಂಬೂಲ ಆಯಿತು. ಮೈಸೂರಿನಿಂದ ನಮ್ಮ ಸೋದರತ್ತೆ ಬಂದಿದ್ದರು. ಅತ್ತೆಗೆ ಕಿವಿ ಮಂದ, ಹಾಗಾಗಿ ಗುಟ್ಟು ಹೇಳಿದರೂ ಊರಿಗೆಲ್ಲ ಕೇಳಿಸುತ್ತದೆ. ಊಟಕ್ಕೆ ಕೂತಾಗ ಎಲೆಯ ಮುಂದೆಯೇ ಶುರುಮಾಡಿದರು. "ಅಲ್ವೇ, ಇವನು ದಿನಾ ಆ ಕ್ಯಾನ್ಸರಿನೋರ ಮಧ್ಯೆ ಓಡಾಡ್ತಾನಲ್ಲ, ಅದು ಬಂದೋರು ಯಾರಾದ್ರೂ ಉಳಿದಿದ್ದು ಉಂಟಾ?"

ನಾನು ಅತ್ತೆಯ ತೊಡೆ ಚಿವುಟಿದೆ. ತಡವಾಗಿತ್ತು. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಾರಿನ ಬಕೆಟ್ ಹಿಡಿದ ನಾಗಮ್ಮ ನಮ್ಮೆದುರೇ ನಿಂತಿದ್ದರು. ತಾಂಬೂಲ ಬದಲಾಯಿಸಿ ಇನ್ನೂ ಒಂದು ಗಂಟೆಯಾಗಿಲ್ಲ, ಊರಿನ ಅರ್ಧ ಜನ ಅಲ್ಲೇ ಕೂತಿದ್ದಾರೆ. ನಾಗಮ್ಮ ಸುಮ್ಮನೆ ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ.

"ನನಗೆ ಬಂದಿತ್ತು ಅತ್ತೆಮ್ಮಾ," ಎಂದರು, ಅತ್ತೆಯ ಕಿವಿಗೆ ತಲುಪುವಷ್ಟು ಜೋರಾಗಿ. "ಹತ್ತು ವರುಷ ಆಯ್ತು. ಹೋಯ್ತು. ಸಾರು ಹಾಕ್ಲಾ?"

ಅತ್ತೆ ಅನ್ನದ ನಡುವೆ ಗುಳಿ ಮಾಡಿಕೊಂಡರು. ಆಮೇಲೆ, "ಹಾಕಮ್ಮ, ಹಾಕು," ಎಂದರು. ರಂಗಸ್ವಾಮಿ ಗೌಡರು ಕಂಬಕ್ಕೊರಗಿ ಸೂರು ನೋಡುತ್ತಿದ್ದರು. ಕೋಮಲಾ ಮಾತ್ರ ನಗುತ್ತಿದ್ದಳು. ಯಾರೂ ಎಲೆ ಬಿಟ್ಟು ಏಳಲಿಲ್ಲ. ಭೂಮಿಯೂ ಬಾಯಿಬಿಡಲಿಲ್ಲ. ಇನ್ನೊಂದು ಸುತ್ತು ಪಾಯಸ ಕೂಡ ಬಂತು.

ಊಟವಾಗಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಾಳೆಗಿಡದ ಮರೆಯಲ್ಲಿ ನಾಗಮ್ಮನ ಜೊತೆ ಇನ್ನೊಬ್ಬ ಹೆಂಗಸು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಯುವ ಕೆಲಸದಲ್ಲಿರುವ ಅವರ ದಾಯಾದಿ ತಂಗಿ ಅಂತ ಆಮೇಲೆ ತಿಳಿಯಿತು. ಆಕೆ ನಾಗಮ್ಮನ ಕೈ ಹಿಡಿದು ತನ್ನ ಎದೆಯ ಪಕ್ಕಕ್ಕೆ ಒತ್ತಿಕೊಂಡಿದ್ದಳು.

"ಇಲ್ಲಿ ಅಕ್ಕಾ. ದೀಪಾವಳಿಯಿಂದ ಇದೆ. ನಮ್ಮನೆಯವರಿಗೂ ಹೇಳಿಲ್ಲ. ಹೇಳಿ ಏನಾಗಬೇಕು, ಹೆಂಗೂ ಸಾಯೋದೇ ಅಂತ..."

"ನಾನು ಸತ್ತಿದೀನಾ?" ನಾಗಮ್ಮ ಗದರಿದರು. "ನಾಳೆ ಕೆಲಸಕ್ಕೆ ಲೀವ್ ಹಾಕು. ಕೊಯಮತ್ತೂರಿಗೆ ನಾನೇ ಕರ್ಕೊಂಡು ಹೋಗ್ತೀನಿ. ನಮ್ಮ ಮಾಪ್ಳೆ ಅಲ್ಲೇ ಇರ್ತಾರೆ." ಮಾಪ್ಳೆ ಅಂದರೆ ಅಳಿಯ, ನಮ್ಮ ಶ್ರೀಪತಿ.

ಮರುದಿನ ಇಬ್ಬರೂ ಹೋದರು. ಗಡ್ಡೆ ಇನ್ನೂ ಚಿಕ್ಕದಿದೆಯಂತೆ. ಡಾಕ್ಟರು ಸರಿಯಾದ ಹೊತ್ತಿಗೆ ಬಂದಿರಿ ಎಂದರಂತೆ. ಆಪರೇಷನ್ನಿಗೆ ದಿನ ಗೊತ್ತಾಗಿದೆ. ಹೇಗಾಗುತ್ತದೋ ಈಗಲೇ ಹೇಳುವುದು ಕಷ್ಟ ಎನ್ನುತ್ತಾನೆ ಶ್ರೀಪತಿ. ಆದರೆ ಹೇಳುವಾಗ ಅವನ ಮುಖದಲ್ಲಿ ನಗುವಿರುತ್ತದೆ.

ಈಗ ನೀವು ಹೇಳಿ. ಕ್ಯಾನ್ಸರಿನಿಂದ ಹೋದವರ ಹೆಸರು ಕೇಳಿದರೆ ತಡವರಿಸದೆ ಹೇಳುತ್ತೀರಿ. ಉಳಿದವರ ಹೆಸರು ಒಂದಾದರೂ ಗೊತ್ತೇ?