ಗುಜರಿಗೆ ಬರೆದ ಕಂಪ್ಯೂಟರ್

2025ರ ಸೆಪ್ಟೆಂಬರ್. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತಳಾಗಿ ಐದು ವರ್ಷವಾಗಿತ್ತು. ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ವಾರಕ್ಕೆರಡು ದಿನ ಬೈಯಪ್ಪನಹಳ್ಳಿಯಿಂದ ಪುಲಿಕೇಶಿನಗರಕ್ಕೆ ಹೋಗಿ, ಕಿವಿ ಪರೀಕ್ಷಿಸುವ ಕ್ಲಿನಿಕ್ಕೊಂದರ ಆರು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಸಿಟ್ಟು ಮಾಡದಿದ್ದರೆ ಕೆಲಸ ಸಾಗುವುದಿಲ್ಲ ಎಂದು ಇಡೀ ನೌಕರಿಯುದ್ದಕ್ಕೂ ನಂಬಿದ್ದೆ.

ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ನಿಲ್ಲುವುದಿತ್ತು. ನಾನು ಮದುವೆಗೆಂದು ದಾವಣಗೆರೆಗೆ ಹೋಗಿದ್ದ ವಾರವೇ ಆಡಳಿತಾಧಿಕಾರಿ ಹೊರಗಿನ ಏಜೆನ್ಸಿಯ ಗಿರೀಶ ಎಂಬವನನ್ನು ಕರೆಸಿ ವಿಂಡೋಸ್ 11 ಹಾಕಿಸಿದ್ದರು. ಐದು ಯಂತ್ರಗಳು ಆದವು. ಆರನೆಯದಕ್ಕೆ ಅವನು 'ಅಪ್‌ಗ್ರೇಡ್ ಆಗದು, ಗುಜರಿ' ಎಂದು ಬರೆದುಕೊಟ್ಟು ಹೋಗಿದ್ದ.

ಆರನೆಯದು ಶಬಾನಾಳದು. ಶಿವಾಜಿನಗರದಿಂದ ಬಂದು ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದ ಹುಡುಗಿ. ಬೇರೆ ಯಂತ್ರ ಈ ವರ್ಷ ಬರುವುದಿಲ್ಲ, ಮಕ್ಕಳ ಪರೀಕ್ಷೆಯನ್ನು ಇನ್ನೊಂದು ಶಾಖೆಗೆ ಕಳಿಸುತ್ತೇವೆ, ಸೋಮವಾರದಿಂದ ನೀನು ಬರುವುದು ಬೇಡ ಎಂದು ಅವಳಿಗೆ ಹೇಳಿಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಅಳುತ್ತಾ ಫೋನ್ ಮಾಡಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕೇ ವರ್ಷದ ಯಂತ್ರ ಗುಜರಿಯಂತೆ! ಕ್ಲಿನಿಕ್ಕಿಗೆ ಹೋದವಳೇ ಎಲ್ಲರೆದುರೂ ಗಿರೀಶನಿಗೆ ಫೋನ್ ಹಚ್ಚಿ, ಒಂದು ಹುಡುಗಿಯ ಅನ್ನಕ್ಕೆ ಕಲ್ಲು ಹಾಕಲು ನಿನಗೆ ಎರಡು ನಿಮಿಷ ಸಾಕಾಯಿತೇ ಎಂದು ಜಾಡಿಸಿದೆ. ಅವನು "ಮೇಡಂ, ಒಂದ್ನಿಮಿಷ..." ಎಂದ. ನಾನು ಫೋನ್ ಕುಕ್ಕಿದೆ.

ವಿಂಡೋಸ್ ಏಳುವ ಮೊದಲೇ ಕಂಪ್ಯೂಟರಿನಲ್ಲಿ ಓಡುವ ಸಣ್ಣ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬಯಾಸ್. ಅದರೊಳಗೆ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಆಫ್ ಆಗಿದ್ದರೆ, ಅಥವಾ ಯಂತ್ರ 'ಲೆಗಸಿ' ಎಂಬ ಹಳೆಯ ಕ್ರಮದಲ್ಲಿ ಏಳುತ್ತಿದ್ದರೆ, ವಿಂಡೋಸ್ 11 ಒಳಗೆ ಬರಲು ಒಪ್ಪುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದ್ದರೂ 'ಇದು ಆಗದು' ಎಂದುಬಿಡುತ್ತದೆ. ಇದನ್ನು ನೋಡಲು ಬಯಾಸ್ ತೆರೆದೆ. ಪಾಸ್‌ವರ್ಡ್ ಕೇಳಿತು. ನನ್ನ ಬೆರಳುಗಳು ತಾವಾಗಿಯೇ ಒತ್ತಿದವು. ಬಾಗಿಲು ತೆರೆಯಿತು.

ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಶಬಾನಾಳ ಹಳೆಯ ಯಂತ್ರ ಸತ್ತಾಗ, ಪರೀಕ್ಷೆಯ ದಾಖಲೆ ಹೋಗಬಾರದೆಂದು ಅದರ ಡಿಸ್ಕನ್ನೇ ಕಿತ್ತು ಹೊಸದಕ್ಕೆ ಹಾಕಿದ್ದೆ. ಅದು ಲೆಗಸಿಯಲ್ಲಷ್ಟೇ ಏಳುತ್ತಿತ್ತು. ಹಾಗೆ ಬದಲಿಸಿ, ಟಿಪಿಎಂ ಆಫ್ ಮಾಡಿ, ಪಾಸ್‌ವರ್ಡಿನ ಬೀಗ ಹಾಕಿದವಳು ನಾನೇ. ಎಲ್ಲಿಯೂ ಬರೆದಿಟ್ಟಿರಲಿಲ್ಲ.

ದಾಖಲೆಗಳ ಪ್ರತಿ ತೆಗೆದಿಟ್ಟುಕೊಂಡೆ. ಡಿಸ್ಕನ್ನು ಅಳಿಸದೆಯೇ ಹೊಸ ಕ್ರಮಕ್ಕೆ ಪರಿವರ್ತಿಸಿ, ಬಯಾಸ್‌ನಲ್ಲಿ ಲೆಗಸಿ ಬದಲು ಯುಇಎಫ್‌ಐ ಎಂಬ ಆ ಹೊಸ ಕ್ರಮವನ್ನು ಆಯ್ದು, ಸೆಕ್ಯೂರ್ ಬೂಟ್ ಎಂಬ ಇನ್ನೊಂದು ಭದ್ರತಾ ಸೌಲಭ್ಯವನ್ನೂ ಟಿಪಿಎಂ ಅನ್ನೂ ಆನ್ ಮಾಡಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ವಿಂಡೋಸ್ 11 ಕೂತಿತು. ಕಿವಿ ಪರೀಕ್ಷೆಯ ತಂತ್ರಾಂಶವೂ ಓಡಿತು.

ಅಷ್ಟಾದ ಮೇಲೆ ಶಬಾನಾಳನ್ನು ಕೇಳಿದೆ, ಗಿರೀಶ ಪಾಸ್‌ವರ್ಡ್ ಕೇಳಲಿಲ್ಲವೇ ಎಂದು. ಅವಳು ತಲೆ ತಗ್ಗಿಸಿದಳು.

"ಕೇಳಿದ್ರು ಮೇಡಂ, ಮೂರ್ಸಲ. ನಂಗೆ ಗೊತ್ತಿತ್ತು, ಅವತ್ತು ನೀವೇ ಹೇಳಿದ್ರಿ. ಆದ್ರೆ ಯಾರಿಗಾದ್ರೂ ಹೇಳಿದ್ರೆ ಕೈ ಮುರೀತೀನಿ ಅಂದಿದ್ರಲ್ಲ ನೀವು."

"ನಂಗೊಂದು ಫೋನ್ ಮಾಡ್ಬಾರ್ದಿತ್ತೇನೇ?"

"ಮದ್ವೆ ಮನೇಲಿ ಇದ್ರಿ. ಬೈತೀರ ಅಂತ ಹೆದ್ರಿಕೊಂಡೆ."

ಕೆನ್ನೆಗೆ ಹೊಡೆದ ಹಾಗಾಯಿತು. ನೌಕರಿ ಹೋದರೂ ಸರಿ, ನನ್ನ ಬೈಗುಳ ಬೇಡ ಎಂದು ಸುಮ್ಮನಿದ್ದಳಲ್ಲ! ಬೆಳಿಗ್ಗೆಯಿಂದ ಯಾರ ಮೇಲೆ ಕೂಗಾಡುತ್ತಿದ್ದೆನೋ ಅವರ್‍ಯಾರೂ ತಪ್ಪಿತಸ್ಥರಲ್ಲ. ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಯಂತ್ರ ಸರಿಯಿದೆ, ಕೆಡಿಸಿಟ್ಟವಳು ನಾನು, ಸೋಮವಾರ ಶಬಾನಾ ಬರುತ್ತಾಳೆ ಎಂದೆ. ಅವರು ಒಪ್ಪಿದರು. ಬೆಳಿಗ್ಗೆ ಎಲ್ಲರೆದುರು ಬೈದಿದ್ದೆನಲ್ಲ, ಗಿರೀಶನಿಗೆ ಕ್ಷಮೆಯನ್ನೂ ಎಲ್ಲರೆದುರೇ ಫೋನ್ ಮಾಡಿ ಕೇಳಿದೆ. "ಬಿಡಿ ಮೇಡಂ" ಎಂದ ಪಾಪ.

ಈಗ ಆರೂ ಯಂತ್ರಗಳ ಪಾಸ್‌ವರ್ಡ್, ಬಯಾಸ್‌ನಲ್ಲಿ ಬದಲಿಸಿದ್ದೇನು ಎಂಬುದೆಲ್ಲ ಬರೆದು ಆಡಳಿತಾಧಿಕಾರಿಯ ಬೀರುವಿನಲ್ಲಿ ಇಟ್ಟಿದ್ದೇನೆ. ಯಂತ್ರಕ್ಕೆ ಹಾಕಿದ ಬೀಗ ತೆಗೆಯಲು ಅರ್ಧ ದಿನ ಸಾಕಾಯಿತು. ಆ ಹುಡುಗಿಯ ಬಾಯಿಗೆ ನಾನು ಹಾಕಿದ್ದ ಬೀಗ ಕಣ್ಣಿಗೆ ಬೀಳಲು ನಾಲ್ಕು ವರ್ಷ ಬೇಕಾಯಿತು. ಸಿಟ್ಟು ಪೂರ್ತಿ ಬಿಟ್ಟಿದ್ದೇನೆಂದರೆ ಸುಳ್ಳಾದೀತು. ಆದರೆ ಶಬಾನಾಳ ಫೋನ್ ಬಂದರೆ, ಅವಳು ಹೇಳಿ ಮುಗಿಸುವವರೆಗೂ ನಾನು ಬಾಯಿ ತೆರೆಯುವುದಿಲ್ಲ.